ದೆಹಲಿಗೆ ಬಂದ ಮೇಲೆ ನಿದ್ದೆಯೇ ಸರಿ ಇಲ್ಲ, ಮೆಲಟೋನಿನ್ ಅನ್ನೋ ನಿದ್ದೆ ಮಾತ್ರೆ ತಗೊಳ್ಳಲಾ?

ನವೆಂಬರ್ ತಿಂಗಳು, ರಾತ್ರಿ 3 ಗಂಟೆಗೆ ಗಂಟಲು ಒಣಗಿ ಎಚ್ಚರ, ಆಮೇಲೆ ಬೆಳಗಿನವರೆಗೂ ಹೊರಳಾಟ. ಹೊಸ ಕೆಲಸದ ಟೆನ್ಷನ್ ಇರಬೇಕು ಅಂತೀರಿ. 2019ರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಟೆನ್ಷನ್ ಅಲ್ಲ ಮಾರಾಯ್ರೇ, ಕಿಟಕಿ.

ನಾನು ತೀರ್ಥಹಳ್ಳಿ ಕಡೆಯವನು. ದೆಹಲಿಯ ಮುನಿರ್ಕಾದಲ್ಲಿ ಎರಡನೇ ಮಹಡಿಯ ರೂಮು. ಅಕ್ಟೋಬರ್ ಕೊನೆಗೆ ಸೆಖೆ ಇಳಿದು ರಾತ್ರಿ ಹಿತವಾದ ಚಳಿ ಶುರುವಾಯಿತು. ಮನೆಯಲ್ಲಿ ಕಿಟಕಿ ಮುಚ್ಚಿ ಮಲಗಿದರೆ ಅಜ್ಜಿ ಬಯ್ಯುತ್ತಿದ್ದರು. ಅದೇ ಅಭ್ಯಾಸ, 10 ಗಂಟೆಗೆ ಕಿಟಕಿಯ ಎರಡೂ ಬಾಗಿಲು ತೆಗೆದು ಕಂಬಳಿ ಹೊದ್ದು ಮಲಗುತ್ತಿದ್ದೆ. ಬೆಳಗ್ಗೆ ಆಫೀಸಿಗೆ ಹೊರಡುವಾಗ ಧೂಳು ಬರುತ್ತೆ ಅಂತ ಭದ್ರವಾಗಿ ಮುಚ್ಚುತ್ತಿದ್ದೆ. ತಪ್ಪಾಗಿದ್ದೇ ಇಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನನಗೆ ಅರ್ಥವಾಗಲು ಆರು ವಾರ ಬೇಕಾಯಿತು.

ಚಳಿಗಾಲದ ಬೆಳಗ್ಗೆ ಊರಲ್ಲಿ ಬಚ್ಚಲ ಒಲೆಯ ಹೊಗೆ ನೋಡಿದ್ದೀರಲ್ವಾ? ಮೇಲೆ ಹೋಗುವುದಿಲ್ಲ, ಅಡಿಕೆ ತೋಟದ ತಲೆಯ ಮೇಲೆ ಪಂಚೆ ಹಾಸಿದ ಹಾಗೆ ಒಂದೇ ಎತ್ತರದಲ್ಲಿ ನಿಂತುಬಿಡುತ್ತದೆ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ದೆಹಲಿಯಲ್ಲೂ ಅದೇ. ಆದರೆ ಆ ಮುಚ್ಚಳದ ಕೆಳಗಿರುವುದು ಪಂಜಾಬ್, ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ, ಹಗಲು ತಡೆದು ರಾತ್ರಿ ಒಳಗೆ ಬಿಡುವ ಲಾರಿಗಳ ಡೀಸೆಲ್ ಹೊಗೆ, ಮತ್ತೆ ನನ್ನ ಕಿಟಕಿಯ ಸೀದಾ ಕೆಳಗೆ ವಾಚ್‌ಮನ್ ರಟ್ಟು, ಪ್ಲಾಸ್ಟಿಕ್ ಹಾಕಿ ಕಾಯಿಸುತ್ತಿದ್ದ ಬೆಂಕಿ (ಪಾಪ, ಅವನಿಗೂ ಚಳಿ). ಅಂದರೆ ನನಗೆ ಹಿತ ಅನ್ನಿಸಿದ ಆ ಚಳಿಯೇ ಹೊಗೆಯನ್ನು ಕೆಳಗೆ ಒತ್ತಿ ಹಿಡಿದಿತ್ತು, ನಾನು ಸರಿಯಾಗಿ ಅದೇ ಹೊತ್ತಿಗೆ ಕಿಟಕಿ ತೆಗೆದು, ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಗಾಳಿ ಮೇಲೆದ್ದು ಒಂದಿಷ್ಟು ತಿಳಿಯಾಗುವ ಹೊತ್ತಿಗೆ ಮುಚ್ಚಿಡುತ್ತಿದ್ದೆ. ನವೆಂಬರ್ 1, ರಾಜ್ಯೋತ್ಸವದ ದಿನವೇ, ಅಲ್ಲಿ ಪಬ್ಲಿಕ್ ಹೆಲ್ತ್ ಎಮರ್ಜೆನ್ಸಿ ಅಂತ ಘೋಷಿಸಿದರು, ಶಾಲೆಗಳಿಗೆ ರಜೆ ಕೊಟ್ಟರು. ಅವತ್ತೂ ತೆಗೆದೇ ಮಲಗಿದೆ.

ಮೂಗು ಕಟ್ಟಿ, ಬಾಯಲ್ಲಿ ಉಸಿರಾಡಿ, ಗೊರಕೆ ಹೊಡೆದು ನಿದ್ದೆ ತುಂಡು ತುಂಡು. 8 ಗಂಟೆ ಮಲಗಿದರೂ ರಾತ್ರಿ ಬಸ್ಸಲ್ಲಿ ನಿಂತುಕೊಂಡೇ ಆಗುಂಬೆ ಘಾಟಿ ಇಳಿದವನ ಹಾಗೆ ಏಳುತ್ತಿದ್ದೆ. ಮೀಟಿಂಗಿನಲ್ಲಿ ತೂಕಡಿಸಿ ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯಿತು. ಮೆಲಟೋನಿನ್ನೂ ನುಂಗಿದೆ. ನಿದ್ದೆ ಬೇಗ ಬಂತು, 3 ಗಂಟೆಯ ಎಚ್ಚರ ಮಾತ್ರ ತಪ್ಪಲಿಲ್ಲ. ಆಮೇಲೆ ಗಾಳಿ ಸೋಸುವ ಪ್ಯೂರಿಫೈಯರ್ ತಂದು, ಕಿಟಕಿ ತೆಗೆದೇ ಓಡಿಸಿದೆ. ನಗಬೇಡಿ. ಕೊನೆಗೆ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಸಿಕ್ಕಿದ ಹಿರಿಯರೊಬ್ಬರು, ಎಷ್ಟೋ ವರ್ಷದಿಂದ ಅಲ್ಲಿದ್ದವರು, "ಕಿಟಕಿ ಎಷ್ಟು ಹೊತ್ತಿಗೆ ತೆಗೀತೀಯಪ್ಪ?" ಅಂತ ಒಂದೇ ಪ್ರಶ್ನೆ ಕೇಳಿದರು.

ಹಾಗಾಗಿ ಮಾತ್ರೆ ವಿಷಯ ಬಿಡಿ. ಮಧ್ಯಾಹ್ನ 1ರಿಂದ 3ರೊಳಗೆ ಗಾಳಿ ಆಡಿಸಿ, ಸಂಜೆಗೆ ಮುಚ್ಚಿಬಿಡಿ. ಗಾಳಿ ಹೇಗಿದೆ ಅಂತ ತೋರಿಸುವ ಆ್ಯಪಿನ ಬಣ್ಣ ನೋಡಿ ಸಮಾಧಾನ ಆಗಬೇಡಿ, ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಧೂಳು, ಎಷ್ಟಿದೆ ನೋಡಿ. ದಿನದ ಸರಾಸರಿಗೆ ನಮ್ಮ ಸರ್ಕಾರದ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಎಸಿ ಇದ್ದರೆ ಸಾಕಲ್ವಾ ಅಂತೀರಾ, ಸಾಕಾಗಲ್ಲ, ಅದರ ಜಾಲರಿ ಇಷ್ಟು ಸಣ್ಣ ಧೂಳು ಹಿಡಿಯುವುದಿಲ್ಲ. ಪ್ಯೂರಿಫೈಯರ್ ಹಿಡಿಯುತ್ತದೆ, ಆದರೆ ಹೊಸ ಗಾಳಿ ತರುವುದಿಲ್ಲ, ಅದಕ್ಕೆ ಹಾಲ್ ಕಡೆಯ ಬಾಗಿಲು ತೆರೆದಿಡಿ. ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಂತೂ ಯಾವತ್ತೂ ಬೇಡ, ಜೀವ ಹೋಗುತ್ತದೆ.

ಒಂದು ವಾರ ಮಾಡಿ ನೋಡಿ. ಅಷ್ಟಾದರೂ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಅಂಥವರಿಗೆ ಕೆಲವು ನಿದ್ದೆ ಮಾತ್ರೆಗಳಿಂದ ತೊಂದರೆ ಇನ್ನೂ ಜಾಸ್ತಿ.