ಟ್ರೌಟ್ ಮಾಂಸ ಒಮ್ಮೆ ಕಿತ್ತಳೆ, ಒಮ್ಮೆ ಬಿಳಿ ಯಾಕೆ?

ಸರ್, ನಿಮ್ಮ ಪೋಸ್ಟ್ ಓದಿದೆ. ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಎರಡು ದಿನ ಟ್ರೌಟ್ ಅನ್ನುವ ತಣ್ಣೀರಿನ ಮೀನು ತಿಂದಿರಿ. ಮೊದಲ ದಿನದ್ದು ಕಿತ್ತಳೆ ಬಣ್ಣ, ಮರುದಿನದ್ದು ಬಿಳಿ. ಬಣ್ಣದ್ದು ಹೊಳೆ ಮೀನು, ಬಿಳಿಯದು ಸಾಕಿದ್ದು ಅಂತ ಹೋಟೆಲಿನವರು ಹೇಳಿದರು. ಜೊತೆಗಿದ್ದವರು ಸೂಜಿಯಿಂದ ಬಣ್ಣ ಚುಚ್ಚಿರುತ್ತಾರೆ ಅಂದರು. ಎರಡನ್ನೂ ನಂಬಬೇಡಿ.

ಮನೆಯಲ್ಲಿ ಏಡಿ, ಸಿಗಡಿ ಬೇಯಿಸುವಾಗ ನೋಡಿರುತ್ತೀರಿ ಅಲ್ವಾ? ಹಸಿ ಇದ್ದಾಗ ಬೂದು, ನೀಲಿ. ಬಿಸಿ ತಾಗಿದ ಕೂಡಲೇ ಕೆಂಪು. ಆ ಕೆಂಪು ಮೊದಲಿನಿಂದಲೂ ಅದರ ಚಿಪ್ಪಿನಲ್ಲೇ ಇರುತ್ತದೆ. ಒಂದು ಪ್ರೋಟೀನ್ ಅದನ್ನು ಹಿಡಿದುಕೊಂಡಿರುತ್ತದೆ, ಬಿಸಿಗೆ ಬಿಟ್ಟುಕೊಡುತ್ತದೆ, ಅಷ್ಟೇ. ಆ ಬಣ್ಣದ ಹೆಸರು ಅಸ್ಟಾಕ್ಸಾಂಥಿನ್. ಟ್ರೌಟ್ ಮಾಂಸದ ಕಿತ್ತಳೆಯೂ ಮುಖ್ಯವಾಗಿ ಇದರಿಂದಲೇ. ಆದರೆ ಟ್ರೌಟ್‌ಗೆ ಇದನ್ನು ತಾನೇ ತಯಾರಿಸಲು ಬರುವುದಿಲ್ಲ. ತಿಂದೇ ಪಡೆಯಬೇಕು.

ನನಗೆ ಇದು ಸರಿಯಾಗಿ ಅರ್ಥವಾದದ್ದು ಸ್ಕಾಟ್ಲೆಂಡಿನಲ್ಲಿ. ಕೆಲಸದ ಮೇಲೆ ನಾಲ್ಕು ವರ್ಷ ಅಲ್ಲಿದ್ದೆ, ರಜೆ ಸಿಕ್ಕಾಗಲೆಲ್ಲ ಗಾಳ ತೆಗೆದುಕೊಂಡು ಉತ್ತರದ ಬೆಟ್ಟಗಳಿಗೆ ಹೋಗುತ್ತಿದ್ದೆ. ಅಲ್ಲಿ ಎಷ್ಟೋ ಕೆರೆಗಳ ಸುತ್ತ ಕೊಳೆತ ಪಾಚಿಯ ಕಪ್ಪು ನೆಲ. ಪೀಟ್ ಅನ್ನುತ್ತಾರೆ. ನೀರು ಟೀ ಡಿಕಾಕ್ಷನ್ ಥರ ಕಂದು, ಆಮ್ಲ ಜಾಸ್ತಿ. ಅಂಥ ಕೆರೆಯ ಬ್ರೌನ್ ಟ್ರೌಟ್ ಕೊಯ್ದರೆ ಮಾಂಸ ಬೆಳ್ಳಗೆ. ಆದರೆ ತೀರಾ ಉತ್ತರದ ಡರ್ನೆಸ್ ಕಡೆ ಸುಣ್ಣಕಲ್ಲಿನ ನೆಲ ಇದೆ. ಕೆರೆ ನೀರು ಗಾಜಿನಷ್ಟು ತಿಳಿ. ಇಂಥ ಸುಣ್ಣಕಲ್ಲಿನ ಕೆರೆಯೊಂದರ ಮೀನನ್ನು ಮೊದಲ ಸಲ ಕೊಯ್ದ ದಿನ ಇನ್ನೂ ನೆನಪಿದೆ. ಮಾಂಸ ಕ್ಯಾರೆಟ್ ಬಣ್ಣ! ಜಾತಿ ಅದೇ ಬ್ರೌನ್ ಟ್ರೌಟ್. ಹೊಟ್ಟೆ ಸೀಳಿ ನೋಡಿದೆ, ಉಗುರಿನಷ್ಟು ಸಿಹಿನೀರಿನ ಸಿಗಡಿಗಳು ತುಂಬಿದ್ದವು. ಇವಕ್ಕೆ ಗ್ಯಾಮರಸ್ ಅಂತ ಹೆಸರು. ಚಿಪ್ಪು ಕಟ್ಟಿಕೊಳ್ಳಲು ಇವಕ್ಕೆ ಸುಣ್ಣದಂಶ ಬೇಕು, ಆಮ್ಲದ ನೀರಿನಲ್ಲಿ ಬದುಕುವುದಿಲ್ಲ. ಅಂದರೆ ಕೆರೆಯ ಕೆಳಗೆ ಯಾವ ಕಲ್ಲಿದೆ ಅನ್ನುವುದು ಮೀನಿನ ಮಾಂಸದವರೆಗೂ ಬರುತ್ತದೆ. ಇದು ಗೊತ್ತಾದ ಮೇಲೆ ಪ್ರತಿ ಮೀನಿನ ಹೊಟ್ಟೆ ಬಿಡಿಸಿ ನೋಡುವುದು ನನಗೆ ಅಭ್ಯಾಸವೇ ಆಯಿತು. ನೀವೂ ಮಾಡಿ ನೋಡಿ.

ಈಗ ನಿಮ್ಮ ತೀರ್ಥನ್‌ಗೆ ಬರೋಣ. ಅದು ಹಿಮ ಕರಗಿ ರಭಸವಾಗಿ ಹರಿಯುವ ಹೊಳೆ. ಅಲ್ಲಿನ ಬ್ರೌನ್ ಟ್ರೌಟ್ ತಿನ್ನುವುದು ಹೆಚ್ಚಾಗಿ ಕಲ್ಲಿನಡಿಯ ಹುಳಗಳನ್ನು. ಹುಳದಲ್ಲಿ ಈ ಬಣ್ಣ ಕಡಿಮೆ. ಹಾಗಾಗಿ ಅಪ್ಪಟ ಹೊಳೆ ಮೀನೇ ಬೆಳ್ಳಗಿರಬಹುದು. ಸಾಕುವುದು ಸಾಮಾನ್ಯವಾಗಿ ಇನ್ನೊಂದು ಜಾತಿ, ರೇನ್‌ಬೋ ಟ್ರೌಟ್. ಅದರ ಬಣ್ಣ ಪೂರ್ತಿ ಫೀಡ್ ಮೇಲೆ, ಅಂದರೆ ಸಾಕುವವರು ಹಾಕುವ ಪೆಲೆಟ್ ಗುಳಿಗೆಗಳ ಮೇಲೆ ನಿಂತಿದೆ. ಪೆಲೆಟ್‌ನಲ್ಲಿ ಅಸ್ಟಾಕ್ಸಾಂಥಿನ್ ಇದ್ದರೆ ಕಿತ್ತಳೆ, ಇಲ್ಲದಿದ್ದರೆ ಬಿಳಿ. ಸಾಮಾನ್ಯವಾಗಿ ಕಿಲೋ ಫೀಡ್‌ಗೆ 40ರಿಂದ 80 ಮಿಲಿಗ್ರಾಂ ಸೇರಿಸುತ್ತಾರೆ. ಯುರೋಪಿನಲ್ಲಿ ಕಾನೂನಿನ ಮಿತಿ 100 ಮಿಲಿಗ್ರಾಂ. ಇದು ದುಬಾರಿ ಸಾಮಾನು. ಕೊಟ್ಟದ್ದರಲ್ಲಿ ಸ್ವಲ್ಪ ಪಾಲು ಮಾತ್ರ ಮಾಂಸದಲ್ಲಿ ಉಳಿಯುತ್ತದೆ. ಮರಿಗಳಿಗೆ ಹಾಕಿದರೆ ಬಣ್ಣ ಅಷ್ಟಾಗಿ ಹಿಡಿಯುವುದೂ ಇಲ್ಲ. ಅದಕ್ಕೇ ಮೀನು ಒಂದು ಮಟ್ಟಕ್ಕೆ ಬೆಳೆದ ಮೇಲೆ, ಮಾರುವ ಮುಂಚಿನ ಕೆಲವು ತಿಂಗಳು ಕೊಡುತ್ತಾರೆ. ಇದು ಮೋಸ ಅಲ್ಲ. ಆ ಕೆರೆಯಲ್ಲಿ ಸಿಗಡಿಯಿಂದ ಸಿಗುವುದೇ ಇಲ್ಲಿ ಫೀಡಿನಿಂದ ಸಿಗುತ್ತದೆ. ಇನ್ನು ಸೂಜಿ ಮಾತು. ಚುಚ್ಚಿದರೆ ಅಲ್ಲಲ್ಲಿ ಕಲೆ ಬೀಳುತ್ತದೆಯೇ ಹೊರತು ಮಾಂಸದ ಎಳೆ ಎಳೆಗೂ ಸಮನಾಗಿ ಬಣ್ಣ ಕೂರುವುದಿಲ್ಲ.

ಮೊಟ್ಟೆ ಇಡುವ ಕಾಲದಲ್ಲೂ ಮಾಂಸ ಪೇಲವ ಆಗುತ್ತದೆ. ಬಣ್ಣ ಮಾಂಸ ಬಿಟ್ಟು ಚರ್ಮಕ್ಕೆ, ಹೆಣ್ಣಾದರೆ ಮೊಟ್ಟೆಗಳಿಗೆ ಹೋಗುತ್ತದೆ.

ಕೊಳ್ಳುವಾಗ ಬಣ್ಣ ನೋಡಬೇಡಿ ಸರ್. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆರಳಿನಿಂದ ಒತ್ತಿದ ಗುಳಿ ತಕ್ಷಣ ಮೇಲೆ ಬರಬೇಕು. ಕಿತ್ತಳೆ ಬಣ್ಣದ ಹಳಸಲು ಮೀನಿಗಿಂತ ಬೆಳ್ಳಗಿನ ತಾಜಾ ಮೀನು ಎಷ್ಟೋ ವಾಸಿ.

ನಿಮ್ಮ ಕೊನೆಯ ಪ್ರಶ್ನೆ, ಕೃಷಿ ಹೊಂಡದ ಕಾಟ್ಲಾ, ರೋಹುಗೆ ಇದೇ ಫೀಡ್ ಹಾಕಿದರೆ ಮಾಂಸ ಕೆಂಪಾಗುತ್ತದಾ ಅಂತ. ಆಗುವುದಿಲ್ಲ, ದಯವಿಟ್ಟು ದುಡ್ಡು ಹಾಕಬೇಡಿ. ಈ ಬಣ್ಣವನ್ನು ಮಾಂಸದಲ್ಲಿ ಕೂಡಿಟ್ಟುಕೊಳ್ಳುವ ಗುಣ ಟ್ರೌಟ್, ಸಾಲ್ಮನ್ ಕುಟುಂಬದ್ದು. ಕಾಟ್ಲಾ, ರೋಹು ಥರದ ಗೆಂಡೆ ಜಾತಿಯವಕ್ಕೆ ಕೊಟ್ಟರೆ ಚರ್ಮಕ್ಕೆ ಹೋಗುತ್ತದೆ. ಗೋಲ್ಡ್ ಫಿಶ್, ಕೋಯಿ ಸಾಕುವವರು ಅದಕ್ಕೇ ಬಳಸುತ್ತಾರೆ. ನಿಮ್ಮ ಪೋಸ್ಟಿನಡಿ ಇನ್ನೊಬ್ಬರು ಚೆಂಡು ಹೂವಿನ ಪುಡಿ ಹಾಕಿ ಅಂದಿದ್ದಾರೆ. ಅದರಲ್ಲಿರುವುದು ಲ್ಯೂಟೀನ್ ಅನ್ನುವ ಹಳದಿ ಬಣ್ಣ. ಕೋಳಿಗೆ ಕೊಟ್ಟರೆ ಮೊಟ್ಟೆಯ ಹಳದಿ ಚೆನ್ನಾಗಿ ಬರುತ್ತದೆ. ಟ್ರೌಟ್‌ಗೆ ಕೊಟ್ಟರೂ ಮಾಂಸ ಹಳದಿ ಛಾಯೆಗೆ ತಿರುಗುತ್ತದೆ, ನೀವು ತಿಂದ ಆ ಕಿತ್ತಳೆ ಬಣ್ಣ ಬರುವುದಿಲ್ಲ.