ಕರಿ ಗೌನು ಬೂದು ಕಂಡರೆ ಪ್ರೊಜೆಕ್ಟರ್ ಬದಲಿಸುವ ಮೊದಲು

ಅಕ್ಕಾ, ನಿಮ್ಮ ಪ್ರಶ್ನೆಗೆ ಮೇಲೆ ಎಲ್ಲರೂ ‘ಹೊಸ ಟಿವಿ ತಗೊಳ್ಳಿ’, ‘ಫೋರ್‌ಕೆ ಪ್ರೊಜೆಕ್ಟರ್ ತಗೊಳ್ಳಿ’ ಅಂತ ಬರೆದಿದ್ದಾರೆ. ಸದ್ಯಕ್ಕೆ ಒಂದು ರೂಪಾಯಿಯೂ ಬಿಚ್ಚಬೇಡಿ. ನಿಮಗೆ ಇರುವುದು ಎರಡು ಬೇರೆ ಬೇರೆ ತೊಂದರೆ. ಒಂದು ಸೆಟಿಂಗ್‌ನದು, ಇನ್ನೊಂದು ಡಿಸ್ಕ್‌ನದು. ಮೊದಲನೆಯದು ಪುಕ್ಕಟೆ ಹೋಗುತ್ತದೆ.

ಈಗ ಥ್ರೆಡ್ ನೋಡುತ್ತಿರುವವರಿಗೆ ವಿಷಯ ಇಷ್ಟು. ಅಕ್ಕ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾರೆ. ಫ್ಯಾಷನ್ ಡಿಸೈನರ್ ಕೊಕೊ ಶನೆಲ್ ಬಗ್ಗೆ 2009ರಲ್ಲಿ ಬಂದ ಫ್ರೆಂಚ್ ಚಿತ್ರ ‘ಕೊಕೊ ಅವಾಂ ಶನೆಲ್’ ಅನ್ನು ಕ್ಲಾಸಿನ ಹುಡುಗಿಯರಿಗೆ ತೋರಿಸಬೇಕು ಅಂತಿದ್ದಾರೆ. ಕೈಯಲ್ಲಿರುವುದು ಡಿವಿಡಿ. ಮನೆಯ ಟಿವಿಯಲ್ಲಿ ನಾಯಕಿಯ ಕರಿ ಗೌನು ಬರೀ ಕರಿ ಗುಡ್ಡೆ, ನೆರಿಗೆಯೇ ಕಾಣುವುದಿಲ್ಲ. ಮಾಟುಂಗಾದಲ್ಲಿ ಬಾಡಿಗೆಗೆ ನೋಡಿದ ಹಾಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಪ್ರೊಜೆಕ್ಟರ್ ಜೋಡಿಸಿ ಹಾಕಿದರೆ ಅದೇ ಗೌನು ಬೂದು. ಪಟ್ಟೆ ಅಂಗಿಯ ಗೆರೆಗಳು ಕುಣಿಯುತ್ತವೆ. ಬ್ಲೂ-ರೇ (ಡಿವಿಡಿಗಿಂತ ಹೆಚ್ಚು ವಿವರ ಹಿಡಿಯುವ ಡಿಸ್ಕ್) ತರಿಸಲಾ, ಆನ್‌ಲೈನ್‌ನಲ್ಲೇ ಹಾಕಲಾ, ಪ್ರೊಜೆಕ್ಟರ್ ಬದಲಿಸಲಾ ಅನ್ನುವುದು ಪ್ರಶ್ನೆ.

ನನ್ನ ಕಸುಬು ಮಂಗಳದಾಸ್ ಮಾರ್ಕೆಟ್‌ನಲ್ಲಿ ಬಟ್ಟೆ ಮಾರುವುದು. ಹಾಗಾಗಿ ಇಂಥ ಚಿತ್ರಗಳನ್ನು ನಾನು ನೋಡುವುದೂ ಬಟ್ಟೆಗಾಗಿಯೇ. ಬೇರೆ ಸಿನಿಮಾದಲ್ಲಿ ಕರಿ ಕೋಟಿನ ಮಡಿಕೆ ಕಾಣದಿದ್ದರೆ ಯಾರೂ ಕೇಳುವುದಿಲ್ಲ. ಇಲ್ಲಿ ಕಥೆ ಇರುವುದೇ ಆ ಮಡಿಕೆಯಲ್ಲಿ. ದೊಗಲೆ ಗೌನು, ಲೇಸು, ಗರಿಯ ಟೋಪಿ ಹಾಕಿದ ಹೆಂಗಸರ ನಡುವೆ ಒಬ್ಬಳು ಏನೂ ಅಲಂಕಾರವಿಲ್ಲದ ಕರಿ ಬಟ್ಟೆ ಹಾಕಿ ಕುಣಿಯುತ್ತಾಳೆ. ಆ ಕರಿ ಗುಡ್ಡೆಯಾದರೂ ಕೆಟ್ಟಿತು, ಬೂದಾದರೂ ಕೆಟ್ಟಿತು. ಈ ಚಿತ್ರಕ್ಕೆ ಉಡುಪು ಮಾಡಿದ ಕ್ಯಾಥರೀನ್ ಲೆತೆರಿಯೆಗೆ ಫ್ರಾನ್ಸಿನ ಸೆಜಾರ್ ಪ್ರಶಸ್ತಿ ಬಂತು, ಆಸ್ಕರ್‌ಗೂ ಹೆಸರು ಹೋಗಿತ್ತು. ಆ ಕೆಲಸ ಕಾಣದಿದ್ದರೆ ಹುಡುಗಿಯರಿಗೆ ತೋರಿಸಿ ಏನು ಬಂತು?

ಮೊದಲು ಸೆಟಿಂಗ್. ಚಿತ್ರದ ಪ್ರತಿ ಚುಕ್ಕಿಯ ಬೆಳಕನ್ನೂ ಒಂದು ಅಂಕಿಯಲ್ಲಿ ಬರೆದಿಟ್ಟಿರುತ್ತಾರೆ. ಡಿವಿಡಿ, ಬ್ಲೂ-ರೇ ಎರಡರಲ್ಲೂ ಕಪ್ಪು ಅನ್ನುವುದು 0 ಅಲ್ಲ, 16. ಬಿಳಿ 255 ಅಲ್ಲ, 235. ಟಿವಿಗಳ ಲೆಕ್ಕ ಅದು. ಕಂಪ್ಯೂಟರ್ ಲೆಕ್ಕ 0ಯಿಂದ 255. ಕಳಿಸುವವನು ಒಂದು ಲೆಕ್ಕದಲ್ಲಿ ಕಳಿಸಿ, ತೋರಿಸುವವನು ಇನ್ನೊಂದು ಲೆಕ್ಕದಲ್ಲಿ ಓದಿದರೆ ಎಡವಟ್ಟು. 16ರಲ್ಲಿ ಬಂದ ಕಪ್ಪನ್ನು 0ಯ ಲೆಕ್ಕದಲ್ಲಿ ಓದಿದರೆ ಇಡೀ ಚಿತ್ರಕ್ಕೆ ಹೊಗೆ ಕವಿದ ಹಾಗೆ, ಕರಿಯೆಲ್ಲ ಬೂದು. ಉಲ್ಟಾ ಆದರೆ 16ಕ್ಕಿಂತ ಕೆಳಗಿನದ್ದೆಲ್ಲ ಒಂದೇ ಕಪ್ಪಿನಲ್ಲಿ ಮುಳುಗುತ್ತದೆ. ನೀವು ಬರೆದಿರುವುದು ಇವೆರಡನ್ನೇ. ಮನೆಯಲ್ಲಿ ಒಂದು, ಹಾಲ್‌ನಲ್ಲಿ ಇನ್ನೊಂದು.

ಟಿವಿಯ ಮೆನುವಿನಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’ ಅಂತ ಇರುತ್ತದೆ, ಕೆಲವದರಲ್ಲಿ ‘ವಿಡಿಯೊ ರೇಂಜ್’. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಸೆಟಿಂಗ್‌ನಲ್ಲಿ ‘ಲಿಮಿಟೆಡ್’ (16ರಿಂದ 235), ‘ಫುಲ್’ (0ಯಿಂದ 255) ಅಂತ ಇರುತ್ತದೆ. ಎರಡೂ ಕಡೆ ಒಂದೇ ಇರಬೇಕು, ಅಷ್ಟೇ. ಆಟೋದಲ್ಲಿ ಸರಿಯಾಗಿ ಬರುತ್ತಿದ್ದರೆ ಮುಟ್ಟಲೇಬೇಡಿ. ಜೊತೆಗೆ ಟಿವಿಯಲ್ಲಿ ‘ಡೈನಾಮಿಕ್ ಕಾಂಟ್ರಾಸ್ಟ್’, ‘ಬ್ಲ್ಯಾಕ್ ಎನ್‌ಹ್ಯಾನ್ಸರ್’ ಅಂತ ಏನಾದರೂ ಆನ್ ಇದ್ದರೆ ಆಫ್ ಮಾಡಿ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸೆಳೆಯಲಿ ಅಂತ ಇಟ್ಟಿರುವ ಆಟ ಅವು.

ಸರಿಯಾಯಿತೋ ಇಲ್ಲವೋ ತಿಳಿಯಲು ಯಾವ ಯಂತ್ರವೂ ಬೇಡ. ಈ ಚಿತ್ರ ಅಗಲ ಪರದೆಯದು, ಅದಕ್ಕೇ ಮೇಲೆ ಕೆಳಗೆ ಕರಿ ಪಟ್ಟಿ ಬರುತ್ತದೆ. ಆ ಪಟ್ಟಿ ಡಿಸ್ಕ್‌ನಲ್ಲಿರುವ ಅಪ್ಪಟ ಕಪ್ಪು. ಕುಣಿತದ ದೃಶ್ಯಕ್ಕೆ ಹೋಗಿ, ಕರಿ ಗೌನು ದೊಡ್ಡದಾಗಿ ಕಾಣುವ ಕಡೆ ಪಾಜ್ ಒತ್ತಿ ಚಿತ್ರ ನಿಲ್ಲಿಸಿ. ಕೋಣೆ ಕತ್ತಲೆ ಮಾಡಿ. ‘ಬ್ರೈಟ್‌ನೆಸ್’ ಪೂರ್ತಿ ಇಳಿಸಿ. ಗೌನು, ಪಟ್ಟಿ ಎರಡೂ ಒಂದೇ ಕಪ್ಪಾಗುತ್ತವೆ. ಈಗ ಒಂದೊಂದೇ ಮೆಟ್ಟಿಲು ಏರಿಸುತ್ತಾ ಬನ್ನಿ. ಮೊದಲು ಭುಜದ ಅಂಚು ಬಿಡಿಸಿಕೊಳ್ಳುತ್ತದೆ, ಆಮೇಲೆ ತೋಳಿನ ಮಡಿಕೆ, ಆಮೇಲೆ ಸೊಂಟದ ಹತ್ತಿರ ಬಟ್ಟೆ ಇಳಿಬಿದ್ದಿರುವ ರೀತಿ. ಅಷ್ಟು ಕಂಡ ಕೂಡಲೇ ನಿಲ್ಲಿಸಿ. ಇನ್ನೂ ಏರಿಸಿದರೆ ಪಟ್ಟಿಯೂ ಬೆಳ್ಳಗಾಗಲು ಶುರುವಾಗುತ್ತದೆ. ಗೌನು ಕಾಣಬೇಕು, ಪಟ್ಟಿ ಕಾಣಬಾರದು. ಇದಾದ ಮೇಲೆ ಅದೇ ದೃಶ್ಯದಲ್ಲಿ ಸುತ್ತ ಇರುವ ತೆಳು ಬಣ್ಣದ ಗೌನುಗಳನ್ನು ನೋಡಿ ‘ಕಾಂಟ್ರಾಸ್ಟ್’ ಹೊಂದಿಸಿ. ಲೇಸಿನ ಕಸೂತಿ ಮಾಯವಾಗಿ ಬರೀ ಬಿಳಿ ಕಂಡರೆ ಜಾಸ್ತಿಯಾಯಿತು ಅಂತ.

ಬಣ್ಣಕ್ಕೆ ‘ವಾರ್ಮ್’ ಆರಿಸಿ, ಅಥವಾ ‘ಫಿಲ್ಮ್‌ಮೇಕರ್’, ‘ಸಿನಿಮಾ’ ಮೋಡ್. ಮೊದಲ ಹತ್ತು ನಿಮಿಷ ಹಳದಿ ಅನ್ನಿಸುತ್ತದೆ, ಕಣ್ಣು ಒಗ್ಗಿಕೊಳ್ಳುತ್ತದೆ. ನಮ್ಮ ಮಾರ್ಕೆಟ್‌ನಲ್ಲಿ ತಿಳಿದ ಗಿರಾಕಿ ಟ್ಯೂಬ್‌ಲೈಟ್ ಕೆಳಗೆ ಕರಿ ಬಟ್ಟೆ ಒಪ್ಪುವುದಿಲ್ಲ, ಥಾನನ್ನು ಬಾಗಿಲ ಬೆಳಕಿಗೆ ಒಯ್ದು ಇದರಲ್ಲಿ ನೀಲಿ ಇದೆಯಾ, ಕೆಂಪಿದೆಯಾ ಅಂತ ನೋಡುತ್ತಾಳೆ. ಟಿವಿಯ ‘ವಿವಿಡ್’ ಮೋಡ್ ಆ ಟ್ಯೂಬ್‌ಲೈಟ್ ಇದ್ದ ಹಾಗೆ. ಎಲ್ಲ ಕರಿಗೂ ನೀಲಿ ಬಳಿಯುತ್ತದೆ.

ಇನ್ನು ಕುಣಿಯುವ ಪಟ್ಟೆಗಳು. ಫ್ರಾನ್ಸಿನ ದೋವಿಲ್ ಸಮುದ್ರ ತೀರದಲ್ಲಿ ಬೆಸ್ತರ ಪಟ್ಟೆ ಬನಿಯನ್ ನೋಡಿ, ಆಮೇಲೆ ಅವಳೇ ಅಂಥದ್ದು ಹಾಕಿಕೊಳ್ಳುತ್ತಾಳಲ್ಲ, ಆ ಭಾಗ. ಒತ್ತೊತ್ತಾದ ಗೆರೆ ಡಿವಿಡಿಗೆ ಯಾವತ್ತೂ ಕಷ್ಟ. ಇದರಲ್ಲಿ ಅರ್ಧ ತಪ್ಪು ‘ಶಾರ್ಪ್‌ನೆಸ್’ದು. ಅದು ಹೊಸ ವಿವರ ಏನೂ ತರುವುದಿಲ್ಲ, ಇರುವ ಅಂಚಿಗೆ ಇನ್ನೊಂದು ಗೆರೆ ಎಳೆಯುತ್ತದೆ. ಸೊನ್ನೆಗೆ ತನ್ನಿ. ಕೆಲವು ಟಿವಿಗಳಲ್ಲಿ ತೀರಾ ಸೊನ್ನೆಗೆ ತಂದರೆ ಮಸುಕಾಗುತ್ತದೆ, ಅಂಥದರಲ್ಲಿ ಅಂಚಿನ ಬಿಳಿ ಗೆರೆ ಮಾಯವಾಗುವ ತನಕ ಇಳಿಸಿದರೆ ಸಾಕು. ‘ಮೋಷನ್ ಸ್ಮೂದಿಂಗ್’ ಅಥವಾ ಅದೇ ಥರದ ಹೆಸರಿನದ್ದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಕೊನೆಯಲ್ಲಿ ಮಾಡೆಲ್‌ಗಳು ಮೆಟ್ಟಿಲು ಇಳಿಯುವಾಗ ಧಾರಾವಾಹಿ ನೋಡಿದ ಹಾಗಿರುತ್ತದೆ. ‘ನಾಯ್ಸ್ ರಿಡಕ್ಷನ್’ ಕೂಡ ಬೇಡ. ಫಿಲ್ಮ್ ರೀಲಿನಲ್ಲಿ ತೆಗೆದ ಚಿತ್ರಕ್ಕೆ ಸಣ್ಣ ಕಣ ಇದ್ದೇ ಇರುತ್ತದೆ, ಅದು ದೋಷ ಅಲ್ಲ. ಕಣ ಒರೆಸಲು ಹೋದರೆ ಅದರ ಜೊತೆ ಟ್ವೀಡ್ ಅನ್ನುವ ಉಣ್ಣೆ ಬಟ್ಟೆಯ ನೇಯ್ಗೆಯೂ ಒರೆಸಿಹೋಗುತ್ತದೆ, ಮುಖ ಮೇಣದ ಗೊಂಬೆಯದಾಗುತ್ತದೆ.

ಉಳಿದ ಅರ್ಧ ತಪ್ಪು ಡಿಸ್ಕ್‌ದೇ. ನಮ್ಮ ಕಡೆಯ ಡಿವಿಡಿಯಲ್ಲಿ ಇರುವುದು ಅಡ್ಡಕ್ಕೆ 720 ಚುಕ್ಕಿ, 576 ಸಾಲು. ಅಗಲ ಪರದೆಯ ಚಿತ್ರವಾದ್ದರಿಂದ ಕರಿ ಪಟ್ಟಿ ಕಳೆದರೆ ನಿಜವಾದ ಚಿತ್ರಕ್ಕೆ ಸಿಗುವುದು 430ರ ಆಸುಪಾಸು ಸಾಲು. ಬ್ಲೂ-ರೇಯಲ್ಲಿ 1920ಕ್ಕೆ 1080, ಪಟ್ಟಿ ಕಳೆದು 800ಕ್ಕೂ ಮೇಲೆ. ಡಿವಿಡಿಯಲ್ಲಿ ವಿಡಿಯೊಗೆ ಸೆಕೆಂಡಿಗೆ ಸಿಗುವ ಮಾಹಿತಿ ಹೆಚ್ಚೆಂದರೆ 9.8 ಮೆಗಾಬಿಟ್, ಬ್ಲೂ-ರೇಯಲ್ಲಿ 40ರ ತನಕ. ಬಣ್ಣದ ಲೆಕ್ಕ ಇನ್ನೂ ಬಿಗಿ. ಎರಡರಲ್ಲೂ ಬಣ್ಣವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡಿ ಇಟ್ಟಿರುತ್ತಾರೆ. ಡಿವಿಡಿಯಲ್ಲಿ ಬಣ್ಣಕ್ಕೆ ಉಳಿಯುವುದು 360ಕ್ಕೆ 288. ಶನೆಲ್ ಚಿತ್ರದಲ್ಲಿ ಕಪ್ಪು, ಬಿಳಿ, ಮಣ್ಣಿನ ಬಣ್ಣವೇ ಜಾಸ್ತಿ, ಹೇಗೋ ನಡೆಯುತ್ತದೆ. ಆದರೆ ನೀವು ಮುಂದಿನ ಸಲ ಇನ್ನೊಬ್ಬ ಫ್ರೆಂಚ್ ಫ್ಯಾಷನ್ ಡಿಸೈನರ್ ಇವ್ ಸಾಂ ಲೊರಾಂ ಮೇಲಿನ ಚಿತ್ರ ಹಾಕಬೇಕು ಅಂತ ಬರೆದಿದ್ದೀರಿ. ಅವನ 1976ರ ರಷ್ಯನ್ ಸಂಗ್ರಹದ ಕೆಂಪು, ಚಿನ್ನದ ಅಂಚು ಡಿವಿಡಿಯಲ್ಲಿ ಒಂದರೊಳಗೆ ಒಂದು ಹರಿದುಹೋಗುತ್ತದೆ. ಅದಕ್ಕೆ ಬ್ಲೂ-ರೇ ಬೇಕೇ ಬೇಕು.

ಅಲ್ಲೊಂದು ಎಚ್ಚರಿಕೆ. ಸಾಂ ಲೊರಾಂ ಮೇಲೆ 2014ರಲ್ಲೇ ಎರಡು ಚಿತ್ರ ಬಂದವು, ಹೆಸರೂ ಹೆಚ್ಚುಕಮ್ಮಿ ಒಂದೇ. ಜಲಿಲ್ ಲೆಸ್ಪೆರ್ ಮಾಡಿದ್ದರಲ್ಲಿ ಪಿಯೆರ್ ನಿನೆ ನಾಯಕ. ಸಾಂ ಲೊರಾಂ ಜೊತೆಗಾರ ಪಿಯೆರ್ ಬೆರ್ಜೆಯ ಒಪ್ಪಿಗೆ ಇದಕ್ಕಿತ್ತು, ಹಾಗಾಗಿ ಅವರಿಬ್ಬರ ಹೆಸರಿನ ಫೌಂಡೇಶನ್‌ನಲ್ಲಿ ಕಾಪಾಡಿಟ್ಟ ಅಸಲಿ ಉಡುಪುಗಳೇ ಕಾಣುತ್ತವೆ. ಬೆರ್ಟ್ರಾಂಡ್ ಬೊನೆಲೊ ಮಾಡಿದ್ದರಲ್ಲಿ ಗಾಸ್ಪಾರ್ ಉಲಿಯೆಲ್ ನಾಯಕ. ಅದಕ್ಕೆ ಆ ಒಪ್ಪಿಗೆ ಇರಲಿಲ್ಲ, ಬಟ್ಟೆಗಳನ್ನು ಹೊಸದಾಗಿ ಹೊಲಿಸಿದರು. ಆ ಕೆಲಸಕ್ಕೆ ಅನಾಯಿಸ್ ರೊಮಾಂಗೆ ಸೆಜಾರ್ ಬಂತು. ಬೊನೆಲೊ ಕೊನೆಯ ಫ್ಯಾಷನ್ ಶೋನಲ್ಲಿ ಪರದೆಯನ್ನು ಕಲಾವಿದ ಮೊಂಡ್ರಿಯನ್ ಬರೆದ ಚಿತ್ರದ ಥರ ಚೌಕ ಚೌಕವಾಗಿ ಒಡೆದು, ಒಂದೊಂದರಲ್ಲಿ ಒಂದೊಂದು ಉಡುಪು ತೋರಿಸುತ್ತಾನೆ. ಡಿವಿಡಿಯ ಇರುವ ಸಾಲುಗಳನ್ನೇ ಹಂಚಿದರೆ ಒಂದು ಚೌಕಕ್ಕೆ ಎಷ್ಟು ಸಿಕ್ಕೀತು ನೋಡಿ. ನನ್ನ ಕೇಳಿದರೆ ಸಿನಿಮಾವಾಗಿ ಬೊನೆಲೊನದ್ದೇ ಮೇಲು. ಆದರೆ ಹೊಲಿಗೆ ಕ್ಲಾಸಿಗೆ ಲೆಸ್ಪೆರ್‌ನದ್ದು ತನ್ನಿ. ಎರಡನ್ನೂ ಮೊದಲು ನೀವೊಬ್ಬರೇ ನೋಡಿ, ಎಳೆಯ ಹುಡುಗಿಯರ ಮುಂದೆ ಹಾಕುವಂಥದ್ದಲ್ಲದ ದೃಶ್ಯಗಳು ಇವೆ, ಬೊನೆಲೊನದ್ದರಲ್ಲಿ ಜಾಸ್ತಿ. ಶನೆಲ್ ಮೇಲೂ ಹೀಗೇ ಒಂದೇ ವರ್ಷ ಎರಡು ಚಿತ್ರ ಬಂದವು. ಅವಳ ಮತ್ತು ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ಕಥೆಯ ಇನ್ನೊಂದು ಚಿತ್ರ ಅದೇ 2009ರದ್ದು. ನಿಮಗೆ ಬೇಕಾದ್ದರ ಕವರ್ ಮೇಲೆ ನಾಯಕಿ ಓಡ್ರೆ ಟೊಟು ಇರಬೇಕು.

ಡಿಸ್ಕ್ ತರಿಸುವ ಮುಂಚೆ ರೀಜನ್ ನೋಡಿ, ಅಂದರೆ ಅದು ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು. ಬ್ಲೂ-ರೇಯಲ್ಲಿ ಅಮೆರಿಕ ಎ, ಯೂರೋಪು ಬಿ, ನಾವು ಸಿ. ಡಿವಿಡಿಯಲ್ಲಿ ನಮ್ಮದು 5. ಇಲ್ಲಿ ಕೊಂಡ ಪ್ಲೇಯರ್ ಅಥವಾ ಪ್ಲೇಸ್ಟೇಷನ್ ರೀಜನ್ ಬೀಗ ಹಾಕಿದ ಹೊರಗಿನ ಡಿಸ್ಕ್ ಓಡಿಸುವುದಿಲ್ಲ. ಹಿಂಬದಿಯಲ್ಲಿ ಎ, ಬಿ, ಸಿ ಮೂರೂ ಇದ್ದರೆ ಚಿಂತೆ ಇಲ್ಲ. ಪರಿಚಯದವರು ಪ್ಯಾರಿಸ್‌ನಿಂದ ತರುತ್ತಾರೆ ಅಂದಿದ್ದೀರಲ್ಲ, ಅದರ ಹಿಂಬದಿಯ ಫೋಟೊ ಮೊದಲೇ ತರಿಸಿ. ಫ್ರಾನ್ಸಿನ ಡಿಸ್ಕ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರಲೇಬೇಕು ಅಂತೇನಿಲ್ಲ. ಪ್ಲೇಯರ್‌ಗೆ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹಳೆಯದ್ದಾದರೆ ನಿಮ್ಮ ಡಿಸ್ಕ್ ಕೈಯಲ್ಲೇ ಒಯ್ದು, ಅಲ್ಲೇ ಹಾಕಿಸಿ, ಕೊನೆಯ ದೃಶ್ಯದ ತನಕ ಓಡಿಸಿ ನೋಡಿಯೇ ದುಡ್ಡು ಕೊಡಿ.

ಆನ್‌ಲೈನ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಫುಲ್ ಎಚ್‌ಡಿಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು ಅಂತ ನೆಟ್‌ಫ್ಲಿಕ್ಸೇ ಹೇಳುತ್ತದೆ. ಹೊಸ ವಿಧಾನದಲ್ಲಿ ಒತ್ತಿರುವುದರಿಂದ ಡಿವಿಡಿಗಿಂತ ಚೆನ್ನಾಗಿಯೇ ಕಾಣುತ್ತದೆ. ಕತ್ತರಿ ಬೀಳುವುದು ಕತ್ತಲೆಯ ದೃಶ್ಯಗಳಿಗೆ, ಕರಿ ಬಟ್ಟೆಯಲ್ಲಿ ಚೌಕ ಚೌಕ ಕಾಣುತ್ತದೆ. ಮನೆಯಲ್ಲಿ ಒಬ್ಬರೇ ನೋಡಲು ಧಾರಾಳ ಸಾಕು. ಹಾಲ್‌ನ ವೈಫೈ ನಂಬಿ ಹುಡುಗಿಯರನ್ನು ಕರೆಯಬೇಡಿ.

ಹಾಲ್‌ನಲ್ಲಿ ಗೌನು ಬೂದಾಗಲು ಇನ್ನೊಂದು ಕಾರಣವೂ ಇದೆ. ಪ್ರೊಜೆಕ್ಟರ್ ಕಪ್ಪನ್ನು ಬಿಡುವುದಿಲ್ಲ, ಬೆಳಕನ್ನು ಮಾತ್ರ ಬಿಡುತ್ತದೆ. ಅದು ಆಫ್ ಇದ್ದಾಗ ಪರದೆ ಎಷ್ಟು ಬೆಳ್ಳಗಿದೆಯೋ ಅದಕ್ಕಿಂತ ಕಪ್ಪಾದ ಕಪ್ಪು ನಿಮಗೆ ಸಿಗುವುದಿಲ್ಲ. ಮಧ್ಯಾಹ್ನ ಕಿಟಕಿಯ ಬೆಳಕು ಬೀಳುತ್ತಿದ್ದರೆ ಲಕ್ಷ ರೂಪಾಯಿಯ ಪ್ರೊಜೆಕ್ಟರೂ ಗೌನನ್ನು ಬೂದೇ ಮಾಡುತ್ತದೆ. ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ. ಇಲ್ಲವಾದರೆ ಹಿಂದ್‌ಮಾತಾ ಬಟ್ಟೆ ಮಾರ್ಕೆಟ್‌ನಲ್ಲಿ ದಪ್ಪ ಕರಿ ಬಟ್ಟೆ ತೆಗೆದು ಕಿಟಕಿಗೆ ಪರದೆ ಹೊಲಿಸಿ, ಕ್ಲಾಸಿಗೂ ಅದೊಂದು ಕೆಲಸ. ಚಿತ್ರ ಗೋಡೆ ತುಂಬಬೇಕು ಅನ್ನುವ ಆಸೆ ಬಿಡಿ. ಪ್ರೊಜೆಕ್ಟರ್ ಸ್ವಲ್ಪ ಮುಂದಕ್ಕಿಟ್ಟು ಚಿತ್ರ ಚಿಕ್ಕದು ಮಾಡಿದರೆ ಬೆಳಕೂ ಗಟ್ಟಿ, ಡಿವಿಡಿಯ ಬಡತನವೂ ಕಡಿಮೆ ಕಾಣುತ್ತದೆ. ಬಾಗಿಲ ಮೇಲಿನ ಎಕ್ಸಿಟ್ ದೀಪ ಮಾತ್ರ ಮುಚ್ಚಬೇಡಿ. ಟಿಕೆಟ್ ಇಟ್ಟು ಅಥವಾ ಹೊರಗಿನವರನ್ನು ಕರೆದು ತೋರಿಸುವುದಾದರೆ ಹಕ್ಕು ಇರುವವರ ಅನುಮತಿ ಬೇಕು, ಮನೆಯಲ್ಲಿ ನೋಡಲು ಮಾತ್ರ ಅಂತ ಡಿಸ್ಕ್ ಮೇಲೇ ಬರೆದಿರುತ್ತದೆ.

ಮಳೆಗಾಲ ಬೇರೆ ಬಂತು. ಮುಂಬೈ ತೇವಕ್ಕೆ ಡಿಸ್ಕ್ ಮೇಲೂ ಬೂಷ್ಟು ಕೂರುತ್ತದೆ, ಪ್ರೊಜೆಕ್ಟರ್ ಲೆನ್ಸ್ ಒಳಗೂ ಕೂರುತ್ತದೆ. ಲೆನ್ಸ್‌ಗೆ ಬೂಷ್ಟು ಹಿಡಿದರೆ ಯಾವ ಸೆಟಿಂಗ್‌ನಿಂದಲೂ ಕರಿ ಬರುವುದಿಲ್ಲ, ಇಡೀ ಚಿತ್ರದ ಮೇಲೆ ಮಂಜು. ಆಫ್ ಮಾಡಿ, ಪೂರ್ತಿ ಆರಿದ ಮೇಲೆ ಲೆನ್ಸ್‌ಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ರಿಪೇರಿಯವನಿಗೇ ಕೊಡಿ. ಡಿಸ್ಕ್‌ಗಳನ್ನು ನಿಲ್ಲಿಸಿ ಇಡಿ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ, ಸುತ್ತು ಸುತ್ತಾಗಿ ಬೇಡ.

ಈ ವಾರ ಮನೆಯ ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಬದಲಿಸಿ, ಕುಣಿತದ ದೃಶ್ಯ ಪಾಜ್ ಮಾಡಿ, ಮೊದಲಿನದ್ದು ಮತ್ತು ಈಗಿನದ್ದು ಎರಡು ಫೋಟೊ ಇಲ್ಲಿ ಹಾಕಿ. ಫೋನ್ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿಕೊಳ್ಳದ ಹಾಗೆ ಎಕ್ಸ್‌ಪೋಶರ್ ಲಾಕ್ ಮಾಡಿ ತೆಗೆಯಿರಿ. ಹಾಲ್‌ನ ಪ್ರೊಜೆಕ್ಟರ್ ಮಾಡೆಲ್ ನಂಬರ್ ಕೂಡ ಬರೆಯಿರಿ, ಅದರ ಮೆನುವಿನಲ್ಲಿ ರೇಂಜ್ ಎಲ್ಲಿದೆ ಅಂತ ಹುಡುಕಿ ಹೇಳುತ್ತೇನೆ.