ಸಿಮ್ಯುಲೇಟರಿನಲ್ಲಿ ಕಾರು ನಿಧಾನವಾದಾಗ ನಡುಗುವುದೇಕೆ?

ನೀವು ಬರೆಯುತ್ತಿರುವ ಸಿಮ್ಯುಲೇಟರಿನಲ್ಲಿ 1200 ಕೆಜಿಯ ಕಾರು ನಿಲ್ಲುವ ಹೊತ್ತಿಗೆ ನಡುಗುತ್ತದೆ, ಬ್ರೇಕ್ ಹಾಕಿದ್ದರೂ ಇಳಿಜಾರಿನಲ್ಲಿ ಜಾರುತ್ತದೆ, ತಿರುವಿನಲ್ಲಿ ಮಗುಚುತ್ತದೆ. ಸ್ಪ್ರಿಂಗ್ ಗಟ್ಟಿ ಮಾಡಿದರೂ ಸರಿಹೋಗಲಿಲ್ಲ ಅಂದಿದ್ದೀರಿ. ಹೋಗುವುದೂ ಇಲ್ಲ. ಮೊದಲೆರಡು ತೊಂದರೆಗಳ ಮೂಲ ಟೈರಿನ ಲೆಕ್ಕದಲ್ಲಿದೆ.

ಟೈರ್ ನೆಲದ ಮೇಲೆ ಎಷ್ಟು ಜಾರುತ್ತಿದೆ ಎನ್ನುವುದೇ ಸ್ಲಿಪ್; ಟೈರಿನ ಬಲ ಅದರಿಂದಲೇ ಬರುತ್ತದೆ. ಅದರ ಲೆಕ್ಕಕ್ಕೆ ಚಕ್ರದ ಅಂಚಿನ ವೇಗದಲ್ಲಿ ಕಾರಿನ ವೇಗ ಕಳೆದು, ಉಳಿದದ್ದನ್ನು ಕಾರಿನ ವೇಗದಿಂದಲೇ ಭಾಗಿಸುತ್ತೀರಿ. ವೇಗ ಸೊನ್ನೆಯತ್ತ ಬಂದಂತೆ ಉತ್ತರ ಸಿಡಿದುಹೋಗುತ್ತದೆ. ಟೈರಿನ ಬಿಗಿತ (ಸ್ಲಿಪ್ಪನ್ನು ಇದರಿಂದ ಗುಣಿಸಿದರೆ ಬಲ) 50,000 ನ್ಯೂಟನ್, ಚಕ್ರದ ತ್ರಿಜ್ಯ 0.3 ಮೀಟರ್, ತಿರುಗು ಜಡತ್ವ 1 ಕೆಜಿ-ಚದರ ಮೀಟರ್ ಎಂದುಕೊಳ್ಳಿ. ಈಗಿನ ಬಲದಿಂದಲೇ ಮುಂದಿನ ಹೆಜ್ಜೆಯ ವೇಗ ಲೆಕ್ಕ ಹಾಕುವ ಸರಳ ಆಯ್ಲರ್ ವಿಧಾನದಲ್ಲಿ ಸೆಕೆಂಡಿಗೆ 60 ಹೆಜ್ಜೆ ಇಟ್ಟರೆ ಗಂಟೆಗೆ 135 ಕಿಮೀ ಒಳಗೆ ಚಕ್ರ ಸ್ಥಿರವಾಗಿ ತಿರುಗುವುದೇ ಇಲ್ಲ! 1000 ಹೆಜ್ಜೆ ಇಟ್ಟರೂ 8 ಕಿಮೀ ಕೆಳಗೆ ಅದೇ ಗೋಳು. ಹಾಗಾಗಿ ಎರಡೂ ಬೇಕು: ಚಕ್ರ, ಟೈರುಗಳನ್ನು ಮಾತ್ರ ಒಳಗಿನ ಲೂಪಿನಲ್ಲಿ ಪ್ರತಿ ಫ್ರೇಮಿಗೆ 16 ಸಲ ಲೆಕ್ಕ ಹಾಕಿ, ಛೇದ, ಅಂದರೆ ಭಾಗಿಸುವ ವೇಗ, ಸೆಕೆಂಡಿಗೆ 3 ಮೀಟರಿಗಿಂತ ಇಳಿಯದಂತೆ ತಡೆಯಿರಿ. ಬ್ರೇಕಿನ ಟಾರ್ಕ್ (ತಿರುಗಿಸುವ ಬಲ) ಚಕ್ರವನ್ನು ಹಿಂದಕ್ಕೆ ತಿರುಗಿಸುವಂತಾದರೆ ಅದರ ವೇಗವನ್ನು ಸೊನ್ನೆಗೆ ನಿಲ್ಲಿಸಿ. ಇದನ್ನು ಮರೆಯುವವರೇ ಹೆಚ್ಚು.

ಆದರೆ ಈ ಮದ್ದಿನಿಂದಲೇ ಜಾರಾಟ ಎದ್ದುಕಾಣುತ್ತದೆ. ಸ್ಲಿಪ್ ಇಲ್ಲದೆ ಬಲವಿಲ್ಲ, ಚಲಿಸದೆ ಸ್ಲಿಪ್ ಇಲ್ಲ. ಮೇಲಿನ ಅಂಕಿಗಳಲ್ಲಿ 10 ಡಿಗ್ರಿ ಇಳಿಜಾರಿನಲ್ಲಿ ನಾಲ್ಕೂ ಚಕ್ರ ಲಾಕ್ ಆಗಿದ್ದರೂ ಕಾರು ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ತೆವಳುತ್ತದೆ. ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಇಳಿದಾಗ ಟೈರ್ ನೆಲ ಮುಟ್ಟಿದ ಜಾಗವನ್ನು ನೆನಪಿಟ್ಟುಕೊಂಡು, ಅಲ್ಲಿಗೆ ಡ್ಯಾಂಪರ್ (ಓಲಾಟ ತಗ್ಗಿಸುವ ಭಾಗ) ಸಹಿತ ಒಂದು ಸ್ಪ್ರಿಂಗ್ ಕಟ್ಟಿ. ಎಳೆತ ಘರ್ಷಣೆಯ ಮಿತಿ ದಾಟಿದರೆ ಬಿಚ್ಚಿಬಿಡಿ. ಡ್ಯಾಂಪರ್ ಬಿಟ್ಟರೆ ಕಾರು ನಿಂತಲ್ಲೇ ತೂಗಾಡುತ್ತದೆ.

ಮಗುಚುವುದಕ್ಕೆ ನನ್ನ ಮೊದಲ ಅನುಮಾನ ಗುರುತ್ವ ಕೇಂದ್ರದ ಮೇಲೆ. ಸಿಮ್ಯುಲೇಟರಿನ ಭೌತಶಾಸ್ತ್ರ ಎಂಜಿನ್ (ಚಲನೆ ಲೆಕ್ಕ ಹಾಕುವ ತಂತ್ರಾಂಶ) ಅದನ್ನು ಮಾಡೆಲ್ಲಿನ ನಟ್ಟನಡುವೆ ಇಟ್ಟುಬಿಡುತ್ತದೆ. ಚಕ್ರಗಳ ನಡುವಿನ ಅಗಲ 1.5 ಮೀಟರ್, ಕೇಂದ್ರದ ಎತ್ತರ 0.75 ಇದ್ದರೆ 1 ಜಿ (ಕಾರಿನ ತೂಕದಷ್ಟೇ) ಅಡ್ಡಬಲಕ್ಕೇ ಮಗುಚಬೇಕು. ಒಳ್ಳೆಯ ಟೈರ್ ಅಷ್ಟು ಹಿಡಿತ ಕೊಟ್ಟೇ ಕೊಡುತ್ತದೆ. ಕೇಂದ್ರವನ್ನು 0.55 ಮೀಟರಿಗೆ ಇಳಿಸಿದರೆ ಮಿತಿ 1.36 ಜಿ ಆಗಿ, ಕಾರು ಮಗುಚುವ ಮೊದಲೇ ಜಾರುತ್ತದೆ. ಟೈರಿನ ಬಲವನ್ನು ಚಕ್ರದ ನಡುವಿನಲ್ಲಿ ಹಾಕಿ ಮಗುಚುವುದನ್ನು ತಪ್ಪಿಸುವ ಉಪಾಯ ಬೇಡ, ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾಗಿ ಭಾರ ಹೊರಚಕ್ರಕ್ಕೆ ಸರಿಯಾಗಿ ಸರಿಯುವುದಿಲ್ಲ.

ಇನ್ನು ನೀವು ಗಟ್ಟಿ ಮಾಡಿದ ಸಸ್ಪೆನ್ಷನ್ ಸ್ಪ್ರಿಂಗಿಗೆ ಪ್ರತಿ ಚಕ್ರಕ್ಕೆ ಮೀಟರಿಗೆ 26,000 ನ್ಯೂಟನ್ ಸಾಕು, ಕಾರು 11 ಸೆಂಟಿಮೀಟರ್ ಕುಸಿದು ಕೂರುತ್ತದೆ. ಅದರ ಡ್ಯಾಂಪರಿಗೆ ಮೀಟರಿಗೆ 1700 ನ್ಯೂಟನ್-ಸೆಕೆಂಡಿನಿಂದ ಶುರುಮಾಡಿ.